ಟೇಪಿನ ಮೊದಲ ಇಂಚು

ಬೀದಿಯವರಿಗೆಲ್ಲ ಅವಳು ಕಾಜಾ ಅತ್ತೆ. ಗಂಡ ಟೈಲರ್, ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅವನು ಕತ್ತರಿಸಿ ಹೊಲಿದದ್ದಕ್ಕೆ ಗುಂಡಿ ಹಚ್ಚುವುದು, ಗುಂಡಿ ತೂರುವ ಕಾಜಾ ಹೆಣೆಯುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು ಇವಳ ಪಾಲು. ಮೂವತ್ತೊಂದು ವರ್ಷ ಹೀಗೇ ನಡೆದಿತ್ತು. ಈ ಬೀದಿ ಗಂಡಸರ ಮರ್ಯಾದೆಯೆಲ್ಲ ನನ್ನ ಗುಂಡಿ ಮೇಲೆ ನಿಂತಿದೆ ಎಂದು ಅವಳು ನಗೆಯಾಡುವುದಿತ್ತು. ಆದರೆ ಬಟ್ಟೆಗೆ ಒಮ್ಮೆಯೂ ಕತ್ತರಿ ಇಟ್ಟವಳಲ್ಲ. ಕತ್ತರಿ ಕೈ ಬದಲಾದರೆ ಹರಿತ ಕೆಡುತ್ತದೆ ಎನ್ನುವುದು ಟೈಲರನ ನಂಬಿಕೆ. ಅವನ ಕತ್ತರಿಯನ್ನು ಅವಳು ಒರೆಸಿ ಎಣ್ಣೆ ಹಚ್ಚಿ ಗೂಟಕ್ಕೆ ಹಾಕಬಹುದಿತ್ತು, ಅಷ್ಟೆ.

ಇನ್ನೊಂದು ಕೆಲಸವೂ ಅವಳದಿತ್ತು. ಅದನ್ನು ಕೆಲಸ ಅಂತ ಯಾರೂ ಹಿಡಿದಿರಲಿಲ್ಲ, ಅವಳೂ ಹಿಡಿದಿರಲಿಲ್ಲ. ಗಿರಾಕಿ ಬಂದಾಗ ಟೈಲರ್ ಟೇಪು ಹಿಡಿದು ಅಳತೆ ಕೂಗುವನು, ಇವಳು ಪುಸ್ತಕದಲ್ಲಿ ಬರೆದುಕೊಳ್ಳುವಳು. ಆ ಟೇಪು ಅವನಿಗೆ ಕಸುಬು ಕಲಿಸಿದ ಗುರು ಕೊಟ್ಟದ್ದು. ಇವಳು ಮದುವೆಯಾಗಿ ಬಂದ ವರ್ಷವೇ ಅದರ ತುದಿಯ ಮೇಲೆ ಇಸ್ತ್ರಿಪೆಟ್ಟಿಗೆ ಕೂತು ಮೊದಲ ಇಂಚು ಸುಟ್ಟುಹೋಯಿತು. ಟೈಲರ್ ಸುಟ್ಟದ್ದನ್ನು ನೇರಕ್ಕೆ ಕತ್ತರಿಸಿ ಎಸೆದು, ಇನ್ನು ಮೇಲೆ ನಾನು ಕೂಗಿದ್ದಕ್ಕೆ ಒಂದು ಕಳೆದು ಬರೆದುಕೋ ಎಂದ. ಮೊದಮೊದಲು ಅವಳು ಬೆರಳು ಮಡಿಚಿ ಕಳೆಯುತ್ತಿದ್ದಳು. ಆಮೇಲೆ ಬೆರಳು ಬೇಡವಾಯಿತು. ಆಮೇಲೆ ಕಳೆಯುತ್ತಿದ್ದೇನೆ ಎಂಬ ನೆನಪೂ ಬೇಡವಾಯಿತು.

ಇಂಥ ಮನೆಗೆ ತರಗತಿಯ ಸುದ್ದಿ ತಂದವಳು ಸೊಸೆ. ಅವಳು ದವಾಖಾನೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಅತ್ತೆಗೂ ಸೂಜಿ, ಸೊಸೆಗೂ ಸೂಜಿ, ನಡುವೆ ಚುಚ್ಚಿಸಿಕೊಳ್ಳುವವನು ನಾನೊಬ್ಬ ಎನ್ನುವುದು ಮಗನ ಹಳೆಯ ಹಾಸ್ಯ. ಬಸ್ ನಿಲ್ದಾಣದ ಹಿಂದಿನ ತರಬೇತಿ ಕೇಂದ್ರದಲ್ಲಿ ಉಡುಪು ವಿನ್ಯಾಸ ಮತ್ತು ಹೊಲಿಗೆ ಕಲಿಸುತ್ತಾರೆ, ಆರು ತಿಂಗಳು, ವಾರಕ್ಕೆ ಐದು ಸಂಜೆ, ವಯಸ್ಸಿನ ಮಿತಿಯಿಲ್ಲ ಎಂಬ ಚೀಟಿ ದವಾಖಾನೆಯ ಗೋಡೆಯ ಮೇಲಿತ್ತು. ಸೊಸೆ ಅರ್ಜಿಯನ್ನೂ ತಾನೇ ತುಂಬಿ, ವಯಸ್ಸು ಐವತ್ತಮೂರು ಎಂದು ಬರೆದು, ಸಹಿಗೆ ಮಾತ್ರ ಅತ್ತೆಯ ಮುಂದೆ ಹಿಡಿದಳು.

ಊಟಕ್ಕೆ ಕೂತಾಗ ಮಾತು ಟೈಲರನ ಕಿವಿಗೆ ಬಿತ್ತು. ಅವನ ಬಲಗೈ ಹೆಬ್ಬೆರಳ ಗೆಣ್ಣು ಆ ವರ್ಷ ಊದಿಕೊಂಡಿತ್ತು. ದಿನಕ್ಕೆ ಎರಡು ಬಟ್ಟೆ ಕತ್ತರಿಸಿದರೆ ಮೂರನೆಯದಕ್ಕೆ ಕೈ ಏಳುತ್ತಿರಲಿಲ್ಲ; ಅದನ್ನು ಯಾರೂ ಬಾಯಿಬಿಟ್ಟು ಹೇಳಬಾರದು.

"ಮೂವತ್ತು ವರ್ಷ ನನ್ನ ಪಕ್ಕದಲ್ಲಿ ಕೂತು ಬರದೇ ಇದ್ದದ್ದು, ಆರು ತಿಂಗಳಲ್ಲಿ ಬರುತ್ತಂತಾ?" ಅಂದ.

"ಪಕ್ಕದಲ್ಲಿ ಕೂರಿಸಿದ್ರಿ, ಕತ್ತರಿ ಕೊಡ್ಲಿಲ್ಲ," ಅಂದಳು ಅವಳು, ಅವನ ತಟ್ಟೆಗೆ ಬೇಳೆ ಬಡಿಸುತ್ತಾ.

"ಕೇಳಿದ್ಯಾ?"

"ಕೇಳಿದ್ರೆ ಕೊಡ್ತಿದ್ರಾ?"

ಅವನು ತಟ್ಟೆ ನೋಡಿದ. ಮಗ ನೀರಿನ ಲೋಟ ಎತ್ತಿ ಮುಖ ಮುಚ್ಚಿಕೊಂಡ. ಸಂಜೆಯ ಅಡುಗೆ ಯಾರು ಮಾಡುತ್ತಾರೆ ಎಂದು ಟೈಲರ್ ಕೊನೆಯ ಬಾಣ ಬಿಟ್ಟ. ಎರಡು ಸಂಜೆ ನಾನು, ಮೂರು ಸಂಜೆ ನಿಮ್ಮ ಮಗ ಎಂದು ಸೊಸೆ ಆಗಲೇ ಹಂಚಿಕೆ ಮುಗಿಸಿದ್ದಳು. ಮಗನಿಗೆ ಆ ಸುದ್ದಿ ಗೊತ್ತಾದದ್ದು ಆಗಲೇ.

ಹೀಗೆ ಅತ್ತೆ ಶಾಲೆ ಸೇರಿದಳು. ಚಿಕ್ಕಂದಿನಲ್ಲಿ ನಾಲ್ಕನೇ ತರಗತಿಗೆ ಬಿಟ್ಟ ಶಾಲೆ.

ಮೊದಲ ವಾರ ಬಟ್ಟೆಯ ಚೂರೂ ಕೈಗೆ ಕೊಡಲಿಲ್ಲ. ಕಂದು ಕಾಗದ, ಪೆನ್ಸಿಲ್, ಮೂಲೆಯಾಕಾರದ ಅಳತೆಪಟ್ಟಿ, ತುದಿಗೆ ಹಿತ್ತಾಳೆ ತಗಡು ಹಾಕಿದ ಹೊಸ ಟೇಪು. ನಾಲ್ಕು ಸಂಜೆ ನೇರ ಗೆರೆ ಎಳೆಸಿದರು. ಕಲಿಸುವ ಮೇಡಂ ಸೊಸೆಗಿಂತ ಚಿಕ್ಕವಳು. ಅವಳ ಮಾತಿನಲ್ಲಿ ಪೂಸಿ ಹೊಡೆಯುವುದೂ ಇರಲಿಲ್ಲ, ಗದರುವುದೂ ಇರಲಿಲ್ಲ. ಅತ್ತೆಯ ಕೈಹೊಲಿಗೆ ನೋಡಿ, ಇದನ್ನು ನಾನು ನಿಮ್ಮಿಂದ ಕಲೀಬೇಕು, ಆದರೆ ಗೆರೆ ಡೊಂಕಾಗಿದೆ, ಮತ್ತೆ ಎಳೀರಿ ಅಂದಳು. ಅತ್ತೆಗೆ ಅದು ಹಿಡಿಸಿತು.

ಪಕ್ಕದ ಮಣೆ ಜಡೆ ಹುಡುಗಿಯದು. ಸೊಂಟಕ್ಕಿಂತ ಕೆಳಗೆ ಇಳಿದ ಜಡೆ, ಬಾಯಿ ಅದಕ್ಕಿಂತ ಉದ್ದ. ಉಡುಪಿನ ಚಿತ್ರ ಬರೆಯುವ ದಿನ ಮೇಡಂ ಒಂಬತ್ತು ತಲೆಯಷ್ಟು ಎತ್ತರದ ಹೆಂಗಸನ್ನು ಬರೆಯಿಸಿದಾಗ, ಇಷ್ಟುದ್ದದವಳಿಗೆ ಬಟ್ಟೆ ಯಾರಪ್ಪ ತರ್ತಾನೆ ಎಂದು ಅತ್ತೆ ಗೊಣಗಿದ್ದಕ್ಕೆ ಆ ಹುಡುಗಿ ಪೆನ್ಸಿಲ್ ಬೀಳುವಷ್ಟು ನಕ್ಕಳು. ಅಂದಿನಿಂದ ಇಬ್ಬರೂ ಜೋಡಿ. ಅಳತೆ ತೆಗೆಯುವಾಗ ಒಬ್ಬರು ಟೇಪು ಹಿಡಿದು ಕೂಗಬೇಕು, ಒಬ್ಬರು ಬರೆಯಬೇಕು. ಬರೆಯುವುದು ನನಗೆ ಅಭ್ಯಾಸ ಎಂದು ಅತ್ತೆ ಪುಸ್ತಕ ತೆಗೆದುಕೊಂಡಳು.

ನಾಲ್ಕನೇ ವಾರ ಡಾರ್ಟು ಬಂತು. ಅದರ ಮೇಲೆ ಅವಳು ಸಾವಿರ ಸಲ ಕೈಹೊಲಿಗೆ ಹಾಕಿದ್ದಳು. ಅದು ಯಾಕಿದೆ ಎಂದು ಕೇಳಿರಲಿಲ್ಲ. ಮೇಡಂ ಚಪ್ಪಟೆ ಕಾಗದದ ಅಂಚಿನಿಂದ ಒಂದು ಚೂಪು ಮಡಿಕೆ ಹಿಡಿದಳು. ಕಾಗದ ಬುಟ್ಟಿಯ ಹಾಗೆ ಉಬ್ಬಿ ನಿಂತಿತು. ಮೈ ಗುಂಡಗಿದೆ, ಬಟ್ಟೆ ಚಪ್ಪಟೆ ಇದೆ, ಇಬ್ಬರಿಗೂ ರಾಜಿ ಮಾಡಿಸೋದೇ ಡಾರ್ಟು ಅಂದಳು. ಅಂದು ಅತ್ತೆ ಮನೆಗೆ ಬಂದವಳೇ ದಿನಪತ್ರಿಕೆಯ ಹಾಳೆಗೆ ಮಡಿಕೆ ಹಿಡಿದು ಎಲ್ಲರಿಗೂ ತೋರಿಸಿದಳು. ಮಗ ಹೌದಮ್ಮಾ ಅಂದ. ಟೈಲರ್ ಮಾತ್ರ, ನಾನಿನ್ನೂ ಓದಿರಲಿಲ್ಲ ಆ ಹಾಳೇನ ಅಂದ.

ಮನೆಯಲ್ಲಿ ಊಟದ ಮೇಜು ಒಂದೇ. ಕಂದು ಕಾಗದ ಹಾಸಲು ಬೇರೆ ಜಾಗವಿಲ್ಲ. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮಣೆಯನ್ನು ಅವಳು ಕೇಳಲಿಲ್ಲ, ಅವನು ಕೊಡುತ್ತೇನೆ ಎನ್ನಲಿಲ್ಲ. ಟೈಲರ್ ಊಟಕ್ಕೆ ಬಂದಾಗ ಕಾಗದದ ಒಂದು ಮೂಲೆಯನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ ಸರಿಸಿ, ಅಷ್ಟೇ ಜಾಗದಲ್ಲಿ ತಟ್ಟೆ ಇಟ್ಟುಕೊಂಡು ಉಣ್ಣುವನು. ಗೆರೆಗಳ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮಗನ ಅನ್ನ ಒಂದು ದಿನ ಗಂಜಿ, ಒಂದು ದಿನ ಕಲ್ಲು. ಅದನ್ನು ಮಾತ್ರ ಟೈಲರ್ ಹಲ್ಲು ಕಚ್ಚಿ ತಿಂದ. ಹೇಳಿದರೆ ನಾಳೆಯಿಂದ ನೀವೇ ಮಾಡಿ ಅಂದಾರು ಎಂಬ ಭಯ.

ಎಂಟನೇ ವಾರ ಮೊದಲ ಪರೀಕ್ಷೆ. ನಿಯಮ ಸರಳ: ಒಬ್ಬರ ಅಳತೆ ತೆಗೆದು, ಕಾಗದದಲ್ಲಿ ಬರೆದು, ಒರಟು ಬಿಳಿ ಬಟ್ಟೆಯಲ್ಲಿ ಕತ್ತರಿಸಿ ಹೊಲಿದು, ಅವರಿಗೇ ತೊಡಿಸಿ ತೋರಿಸಬೇಕು. ಮೈಗೆ ಕೂತರೆ ಮುಂದಿನ ಹಂತ. ಕೂರದಿದ್ದರೆ ಒಂದೇ ಒಂದು ಮರುಪರೀಕ್ಷೆ. ಅದೂ ತಪ್ಪಿದರೆ ಜಾಗ ಕಾಯುತ್ತಿರುವವರಿಗೆ ಹೋಗುತ್ತದೆ.

ಜಡೆ ಹುಡುಗಿಗೆ ಅತ್ತೆ ಹೊಲಿದ ಅಂಗಿ ನೋಡಲು ಗೊಂಬೆಗೆ ಹೊಲಿದ ಹಾಗೆ ಅಂದವಾಗಿತ್ತು. ತೊಟ್ಟಾಗ ಗೊಂಬೆಗೇ ಸರಿ ಎನ್ನಿಸಿತು. ಭುಜ ಹಿಡಿಯಿತು, ಎದೆ ಹಿಡಿಯಿತು. ಹುಡುಗಿ ಜಡೆ ಮುಟ್ಟಲು ಕೈ ಎತ್ತಿದಳು, ಕೈ ಕಿವಿಯವರೆಗೆ ಬಂದು ನಿಂತಿತು. ಕಂಕುಳ ಹೊಲಿಗೆ ಪಟ್ಟೆಂದಿತು.

ಮೇಡಂ ಪುಸ್ತಕ ತರಿಸಿ, ಅದರಲ್ಲಿದ್ದ ಅಂಕಿಗಳನ್ನು ಕಾಗದದ ಗೆರೆಗಳ ಜೊತೆ ಹೋಲಿಸಿ ನೋಡಿದಳು. ಒಂದು ಗೆರೆಯೂ ತಪ್ಪಿರಲಿಲ್ಲ. ಉಸಿರಾಡಲು ಬಿಡುವ ಸಡಿಲವನ್ನೂ ಅತ್ತೆ ಸರಿಯಾಗಿ ಸೇರಿಸಿದ್ದಳು. ಅನುಮಾನಕ್ಕೆ ಇನ್ನೊಮ್ಮೆ ಅಳತೆ ತೆಗೆಸಿದಳು. ಹುಡುಗಿಯ ಮೈಗೆ ಮೇಡಮ್ಮೇ ಟೇಪು ಹಿಡಿದು ಕೂಗಿದಳು, ಅತ್ತೆ ಬರೆದಳು. ಹಳೆಯ ಅಂಕಿಯೂ ಹೊಸ ಅಂಕಿಯೂ ಅಕ್ಕತಂಗಿಯರ ಹಾಗೆ ಒಂದೇ. ಪುಸ್ತಕ ಸರಿ, ಕಾಗದ ಸರಿ, ಹೊಲಿಗೆ ಸರಿ, ಅಂಗಿ ಬಿಗಿ. ಮೇಡಮ್ಮಿಗೂ ತೋಚಲಿಲ್ಲ. ಮೂವತ್ತು ಜನರ ಕೆಲಸ ನೋಡಬೇಕಾದವಳು. ಮೂರು ವಾರ ಬಿಟ್ಟು ಮರುಪರೀಕ್ಷೆ, ಮನೆಯಿಂದ ಯಾರನ್ನಾದರೂ ಕರಕೊಂಡು ಬಂದು ಅವರ ಅಳತೆಗೆ ಮಾಡಿ ಎಂದು ಕಳಿಸಿದಳು.

ಟೈಲರನಿಗೆ ಸುದ್ದಿ ತಿಳಿದದ್ದು ಮಗನ ಬಾಯಿಂದ. ಕುಣೀಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವನು ಮಿಷನ್ನಿಗೆ ಎಣ್ಣೆ ಬಿಡುತ್ತಾ ಹೇಳಿದ್ದು ಒಳಗೆ ಅವಳಿಗೂ ಕೇಳಿಸಿತು. ನೆಲ ಡೊಂಕು ಅಂತ ಅವಳು ಯಾರಿಗೂ ಹೇಳಿರಲಿಲ್ಲ. ಅದೇ ನೋವಾಯಿತು. ಅಂದು ಆರು ಅಂಗಿಯ ಗುಂಡಿ ಹಚ್ಚುವುದಿತ್ತು. ಆರನ್ನೂ ಮುಗಿಸಿ ಅವನ ಮುಂದೆ ಇಟ್ಟಳು.

ಶನಿವಾರ ಸೊಸೆ ರಜೆ ಹಾಕಿ ಅತ್ತೆಯ ಜೊತೆ ಕೇಂದ್ರಕ್ಕೆ ಹೋದಳು. ಜಡೆ ಹುಡುಗಿ ಟೇಪು ಹಿಡಿದು ಕೂಗಿದಳು, ಅತ್ತೆ ಬರೆದಳು. ಮರುಪರೀಕ್ಷೆಯ ದಿನ ಎಲ್ಲ ಮೊದಲಿಂದ ಮಾಡಬೇಕು. ಅದಕ್ಕೆ ಮುಂಚೆ ಕೈ ಪಳಗಲಿ ಎಂದು, ಸೊಸೆ ತಂದುಕೊಟ್ಟ ಕತ್ತರಿಯಲ್ಲಿ ಆ ಅಳತೆಗೆ ಮನೆಯಲ್ಲಿ ಒಂದು ಅಂಗಿ ಮಾಡಿ ನೋಡಿದಳು. ಸೊಸೆ ತೊಟ್ಟಳು. ಮತ್ತೆ ಬಿಗಿ. ಬಿಚ್ಚಿ ಹೊಲಿದಳು. ಬಿಚ್ಚಿದರೆ ಬರುವುದು ಹೊಲಿಗೆಯ ಅಂಚು ಮಾತ್ರ, ಬಟ್ಟೆ ಬೆಳೆಯುವುದಿಲ್ಲ.

"ಬಿಡಮ್ಮಾ," ಅಂದಳು ಅತ್ತೆ, ಮೇಜಿನ ಮೇಲಿನ ದಾರದ ಚೂರುಗಳನ್ನು ಅಂಗೈಗೆ ಒತ್ತಿಕೊಳ್ಳುತ್ತಾ. "ನನ್ನ ಕೈಗುಣವೇ ಇಷ್ಟು. ಕಾಜಾದಷ್ಟು ತೂತು ಮಾಡೋಕೆ ಸರಿ. ನಾಳೆ ಹೋಗಿ ಜಾಗ ಬಿಟ್ಟುಕೊಟ್ಟು ಬರ್ತೀನಿ."

ಸೊಸೆ ಕನ್ನಡಿಯಲ್ಲಿ ತನ್ನ ಸೊಂಟ ನೋಡಿಕೊಂಡಳು. ಅತ್ತೆ, ತಪ್ಪು ನಿಮ್ಮದಲ್ಲ, ಈಚೆಗೆ ನಾನೇ ದಪ್ಪ ಆಗಿದೀನಿ, ಪರೀಕ್ಷೆಗೆ ಇನ್ನೂ ಹತ್ತು ದಿನ ಇದೆ ಎಂದಳು. ಬಿಟ್ಟುಕೊಡುವ ಮಾತು ಅಲ್ಲಿಗೆ ನಿಂತಿತು. ಆದರೆ ಆ ಸಂಜೆಯಿಂದ ಸೊಸೆ ಊಟ ಬಿಟ್ಟಳು.

ಅತ್ತೆ ಪಾಸಾಗಲಿ ಎಂದು ಸೊಸೆ ಉಪವಾಸ ಕೂತ ಮನೆ ಅದೊಂದೇ ಇರಬೇಕು. ಒಂದು ಲೋಟ ಹಾಲು, ಒಂದು ಸೇಬು, ಅಷ್ಟೆ. ಹಗಲೆಲ್ಲ ನಿಂತು ಕೆಲಸ ಮಾಡುವ ಹುಡುಗಿ. ಅತ್ತೆ ಬೇಡವೆಂದಳು, ಮಗ ಜಗಳವಾಡಿದ. ಯಾರ ಮಾತೂ ನಾಟಲಿಲ್ಲ.

ನಾಲ್ಕನೇ ಸಂಜೆ ಟೈಲರ್ ಊಟಕ್ಕೆ ಬಂದ. ಕಾಗದದ ಮೂಲೆ ಸರಿಸಿದ, ತಟ್ಟೆ ಇಟ್ಟುಕೊಂಡ. ಎದುರಿಗೆ ಸೊಸೆ ಹಾಲಿನ ಲೋಟ ಹಿಡಿದು ಕೂತಿದ್ದಳು. ಅವಳ ಕಣ್ಣು ಆಲೂಗಡ್ಡೆಯ ಪಾತ್ರೆಯ ಮೇಲಿತ್ತು.

"ಹುಷಾರಿಲ್ವೇನಮ್ಮಾ?"

"ಚೆನ್ನಾಗೇ ಇದೀನಿ ಮಾವ. ಅತ್ತೆ ಅಂಗಿ ಮೈಗೆ ಹಿಡಿಸ್ಬೇಕಲ್ಲ. ಒಂದು ಇಂಚು ಇಳಿದ್ರೆ ಸಾಕು."

"ಒಂದು ಇಂಚಾ? ಎಲ್ಲಿ?"

"ಎಲ್ಲಾ ಕಡೆ. ಎದೆ, ಸೊಂಟ, ಭುಜ."

ಟೈಲರ್ ಬಾಯಿಗೆ ಹೊರಟಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

"ಊಟ ಬಿಟ್ರೆ ಹೊಟ್ಟೆ ಇಳೀಬಹುದು. ಭುಜ ಇಳಿಯುತ್ತೇನಮ್ಮಾ? ಅದು ಮೂಳೆ."

ಅವನು ಎಡಗೈಯಿಂದ ಅವಳ ಪುಸ್ತಕ ಎಳೆದುಕೊಂಡ. ಹತ್ತು ವಾರದಲ್ಲಿ ಅವನು ಅದನ್ನು ಮುಟ್ಟಿದ್ದು ಅದೇ ಮೊದಲು. ಪುಟ ನೋಡಿದ, ಸೊಸೆಯ ಭುಜ ನೋಡಿದ, ಮತ್ತೆ ಪುಟ ನೋಡಿದ. ಟೈಲರನ ಕಣ್ಣಿಗೆ ಟೇಪು ಬೇಕಿಲ್ಲ.

"ಹದಿಮೂರು ಅಂತ ಬರ್ದಿದೀಯ," ಅಂದ ಹೆಂಡತಿಗೆ. "ಇವಳದು ಹದಿನಾಲ್ಕು. ಮದುವೆಗೆ ಇವಳ ರವಿಕೆ ಹೊಲಿದವನು ನಾನು."

"ಆ ಹುಡುಗಿ ಕೂಗಿದ್ದನ್ನೇ ಬರ್ದಿದೀನಿ."

"ಯಾವ ಟೇಪು?"

ಅವಳು ಚೀಲದಿಂದ ಕೇಂದ್ರದ ಟೇಪು ತೆಗೆದು ಕೊಟ್ಟಳು. ಅವನು ಅದರ ಹಿತ್ತಾಳೆ ತುದಿಯನ್ನು ಹೆಬ್ಬೆರಳಲ್ಲಿ ಸವರಿದ. ಆಮೇಲೆ ಪುಸ್ತಕವನ್ನು ಅವಳ ಕಡೆ ತಿರುಗಿಸಿ, ಪೆನ್ಸಿಲ್ ತಗೋ, ಹೊಸ ಪುಟದಲ್ಲಿ ಬರಿ ಅಂದ. ಅಂಗಡಿಯಲ್ಲಿ ಕೂಗುವ ದನಿಯಲ್ಲೇ ಕೂಗಿದ.

"ಭುಜ, ಹದಿನಾಲ್ಕು."

ಅವಳು ಬರೆದಳು.

"ಸೊಂಟ, ಮೂವತ್ತು."

ಬರೆದಳು.

"ಏನು ಬರ್ದೆ, ಓದು."

"ಭುಜ ಹದಿ..." ಅವಳು ನಿಂತಳು. ಪುಟದ ಮೇಲೆ ತನ್ನದೇ ಕೈಯಕ್ಷರದಲ್ಲಿ ಹದಿಮೂರು ಇತ್ತು. ಅದರ ಕೆಳಗೆ ಇಪ್ಪತ್ತೊಂಬತ್ತು.

ಟೈಲರ್ ನಗತೊಡಗಿದ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ನಗು ಕೆಮ್ಮಾಯಿತು, ಮಗ ಬೆನ್ನು ತಟ್ಟಬೇಕಾಯಿತು. "ನನ್ನ ಟೇಪಿಗೆ ಕಳೀತಿದೀಯಲ್ಲೇ," ಅಂದ, ಉಸಿರು ಸಿಕ್ಕಾಗ. "ಊರಿನ ಟೇಪಿಗೆಲ್ಲ ನಮ್ಮನೆ ಲೆಕ್ಕ ಹಾಕಿದೀಯ."

ಅತ್ತೆ ನಗಲಿಲ್ಲ. ಪೆನ್ಸಿಲ್ ಕೆಳಗಿಟ್ಟಳು.

"ಮೂವತ್ತೊಂದು ವರ್ಷ," ಅಂದಳು. ದನಿ ಏರಲಿಲ್ಲ. "ಆ ಇಂಚು ಸುಟ್ಟದ್ದು ನಿಮ್ಮ ಇಸ್ತ್ರಿ. ಕಳೀತಾ ಬಂದವಳು ನಾನು. ಒಂದು ಹೊಸ ಟೇಪು ತರೋಣ ಅಂತ ನಿಮಗೆ ಅನ್ನಿಸಲೇ ಇಲ್ಲ. ನಾನು ಫೇಲಾದೆ. ಈ ಮಗು ನಾಲ್ಕು ದಿನದಿಂದ ಊಟ ಬಿಟ್ಟಿದೆ. ನೀವು ನೆಲ ಡೊಂಕು ಅಂದ್ರಿ."

ಟೈಲರನ ನಗು ಬಂದ ದಾರಿಯಲ್ಲೇ ಹೋಯಿತು. ಅವನು ಊದಿದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ.

"ನೆಲ ಡೊಂಕೇ ಇತ್ತಲ್ಲ," ಅಂದ ಕೊನೆಗೆ. "ನಾನೇ ಹಾಕಿದ ನೆಲ."

ಆ ಮಾತಿಗೆ ಅವಳ ತುಟಿ ಅಲುಗಿತು. ಎಷ್ಟು ತಡೆದರೂ ತಡೆಯಲಾಗಲಿಲ್ಲ. ಹದಿಮೂರನ್ನು ನೋಡಿ, ಇಪ್ಪತ್ತೊಂಬತ್ತನ್ನು ನೋಡಿ, ಸೆರಗಿನ ಬದಲು ಕಂದು ಕಾಗದವನ್ನೇ ಮುಖಕ್ಕೆ ಹಿಡಿದು ನಕ್ಕಳು. ಕೈಗುಣ ಕೆಟ್ಟಿರಲಿಲ್ಲ, ತಲೆ ಕೆಟ್ಟಿರಲಿಲ್ಲ. ಕೆಟ್ಟದ್ದು ಒಂದು ಇಂಚು, ಅದೂ ಬೇರೆಯವರದು. ಮಗ ಎದ್ದು, ತಟ್ಟೆಯ ತುಂಬ ಅನ್ನ ಹಾಕಿ, ಆಲೂಗಡ್ಡೆ ಪಾತ್ರೆಯನ್ನೇ ಹೆಂಡತಿಯ ಮುಂದೆ ಸರಿಸಿದ. ಅಂದಿನ ಅನ್ನ ಗಂಜಿಯಾಗಿತ್ತು. ಸೊಸೆ ಎರಡು ಸಲ ಹಾಕಿಸಿಕೊಂಡಳು.

ಮರುಪರೀಕ್ಷೆಯ ದಿನ ಜಡೆ ಹುಡುಗಿ ಒಂದೊಂದು ಅಂಕಿ ಕೂಗಿದಾಗಲೂ ಅತ್ತೆ ಅದನ್ನು ಗಟ್ಟಿಯಾಗಿ ತಿರುಗಿ ಹೇಳಿ, ಹೇಳುತ್ತಲೇ ಬರೆದಳು. ಮಗ್ಗಿ ಒಪ್ಪಿಸುವ ಮಕ್ಕಳ ಹಾಗಿತ್ತು ಅದು, ಸುತ್ತಲಿನವರು ತಿರುಗಿ ನೋಡಿದರು. ಅವಳು ಲಕ್ಷ್ಯ ಮಾಡಲಿಲ್ಲ. ಬಾಯಿ ಹದಿನಾಲ್ಕು ಅನ್ನುತ್ತಿರುವಾಗ ಕೈ ಹದಿಮೂರು ಬರೆಯಲು ನಾಚಿತು. ಕಾಗದ ಬರೆದಳು, ಬಟ್ಟೆ ಹಾಸಿದಳು, ಕೇಂದ್ರದ ಕತ್ತರಿ ತೆಗೆದುಕೊಂಡು ಮೊದಲ ಗೆರೆಗೆ ಇಟ್ಟಳು. ಕತ್ತರಿ ಬಟ್ಟೆಯಲ್ಲಿ ಓಡುವಾಗ ಮಾಡುವ ಸದ್ದು ಅವಳಿಗೆ ಹುಟ್ಟುಗುರುತಿನಷ್ಟು ಪರಿಚಯ, ಆದರೆ ಮೂವತ್ತೊಂದು ವರ್ಷ ಕೇಳಿದ್ದು ಪಕ್ಕದ ಕುರ್ಚಿಯಿಂದ.

ಸಂಜೆಗೆ ಸೊಸೆ ಅಂಗಿ ತೊಟ್ಟು ನಿಂತಳು. ಮೇಡಂ ಸುತ್ತ ಬಂದಳು, ಭುಜದ ಹೊಲಿಗೆಯ ಮೇಲೆ ಬೆರಳಾಡಿಸಿದಳು, ಕೈ ಎತ್ತಿ ಎಂದಳು. ಸೊಸೆ ಎರಡೂ ಕೈಗಳನ್ನು ನೆತ್ತಿಯ ಮೇಲಕ್ಕೆ ಎತ್ತಿದಳು. ಎತ್ತಿದವಳು ಇಳಿಸಲೇ ಇಲ್ಲ. ಹಾಗೇ ಒಂದು ಸುತ್ತು ತಿರುಗಿ, ಬಗ್ಗಿ ಚಪ್ಪಲಿ ಮುಟ್ಟಿ ಎದ್ದಳು. ಎಲ್ಲಿಯೂ ಪಟ್ಟೆನ್ನಲಿಲ್ಲ. ಮೇಡಂ ಹಾಜರಿ ಪುಸ್ತಕದಲ್ಲಿ ಅತ್ತೆಯ ಹೆಸರಿನ ಮುಂದೆ ಮುಂದಿನ ಹಂತಕ್ಕೆ ಎಂದು ಬರೆದಳು. ಮೊದಲ ಸಲ ಏನಾಗಿತ್ತು ಎಂದು ಕೇಳಿದಳು. ಮನೆಯ ಒಂದು ಹಳೇ ಇಂಚು ಜೊತೆಗೆ ಬಂದಿತ್ತು, ಬಿಟ್ಟು ಬಂದೆ ಅಂದಳು ಅತ್ತೆ.

ಮನೆಗೆ ಬಂದರೆ ಟೈಲರ್ ಅಡುಗೆಮನೆಯಲ್ಲಿದ್ದ. ಮೂರು ಮೊಟ್ಟೆ ಒಡೆದು ನಾಲ್ಕನೆಯದರ ಸಿಪ್ಪೆಯನ್ನು ಬಾಣಲೆಯಿಂದ ಆರಿಸುತ್ತಿದ್ದ. ಏನಾಯಿತು ಎಂದು ಅವನು ಕೇಳಲಿಲ್ಲ. ಸೊಸೆ ಬಾಗಿಲಲ್ಲೇ ಎರಡೂ ಕೈ ಎತ್ತಿ ತೋರಿಸಿದಳು. ಹೂಂ ಅಂದ, ಇನ್ನೊಂದು ಮೊಟ್ಟೆ ಒಡೆದ. ಊಟದ ಮೇಜಿನ ಮೇಲೆ ಕಾಗದ ಇರಲಿಲ್ಲ. ಅವಳ ಕಂದು ಕಾಗದ, ಪಟ್ಟಿ, ಪೆನ್ಸಿಲ್ ಎಲ್ಲ ಅಂಗಡಿಯ ಮಣೆಯ ಅರ್ಧ ಭಾಗದಲ್ಲಿ ಜೋಡಿಸಿಟ್ಟಿದ್ದವು.

ಹಳೆಯ ಟೇಪನ್ನು ಅವನು ಎಸೆಯಲಿಲ್ಲ. ಸುರುಳಿ ಸುತ್ತಿ ಗುಂಡಿ ಡಬ್ಬಿಯಲ್ಲಿ ಹಾಕಿದ. ಗೂಟದಲ್ಲಿ ಹಿತ್ತಾಳೆ ತುದಿಯ ಹೊಸ ಟೇಪು ತೂಗಿತು.

ಅದಾದ ವಾರಕ್ಕೆ ಅಂಚೆಯವನು ಅಂಗಿ ಹೊಲಿಸಲು ಬಂದ. ಅವಳು ಪುಸ್ತಕ ತೆರೆದು ಕೂತಳು. ಟೈಲರ್ ಹೊಸ ಟೇಪು ಅವನ ಎದೆಗೆ ಸುತ್ತಿ, ಹೆಂಡತಿಯ ಕಡೆ ತಿರುಗಿ, ಇದು ನಿನ್ನ ಪಾಲಿನ ಬಟ್ಟೆ, ನಿನ್ನ ಕತ್ತರಿಯಲ್ಲೇ ಕತ್ತರಿಸು, ನನ್ನದನ್ನ ಮುಟ್ಟಬೇಡ ಅಂದ. ಆಮೇಲೆ ಕೂಗಿದ.

"ಎದೆ, ಮೂವತ್ತೊಂಬತ್ತು."

ಅವಳು ಮೂವತ್ತೊಂಬತ್ತು ಎಂದು ಬಾಯಲ್ಲಿ ಹೇಳಿಕೊಂಡಳು. ಬರೆಯಲಿಲ್ಲ. ಅಂಚೆಯವನ ಎದೆ ನೋಡಿದಳು. ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಎದ್ದು ಬಂದು ಗಂಡನ ಕೈ ನೋಡಿದಳು. ಹಿತ್ತಾಳೆ ತುದಿ ಹೊರಗೆ ನೇತಾಡುತ್ತಿತ್ತು. ಅವನ ಊದಿದ ಹೆಬ್ಬೆರಳು, ಮೂವತ್ತೊಂದು ವರ್ಷ ಹಿಡಿದ ಹಾಗೆಯೇ, ಒಂದರ ಗೆರೆಯ ಮೇಲೆ ಗಟ್ಟಿಯಾಗಿ ಕೂತಿತ್ತು.

ಅವಳು ಆ ಹೆಬ್ಬೆರಳನ್ನು ಮೆತ್ತಗೆ ಎತ್ತಿ, ತುದಿಗೆ ಸರಿಸಿ ಇಟ್ಟಳು.

"ಅಲ್ಲಿಂದಲ್ಲ ರೀ," ಅಂದಳು. "ಇಲ್ಲಿಂದ. ಈಗ ಕೂಗಿ."